ಕು. ಪಂಕಜ ಮತ್ತು ಪಾರ್ಟಿ

ನನಗೆ ಸಿಟ್ಟು ಬಂದಿದೆ ಎನ್ನುವುದು ನನಗಿಂತ ಮೊದಲು ನನ್ನ ಬಲಗೈಗೆ ಗೊತ್ತಾಗುತ್ತದೆ. ಹೆಬ್ಬೆರಳೂ ತೋರುಬೆರಳೂ ಏನನ್ನೋ ಚಿವುಟಿ ಹಿಡಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಕೈ ತೊಡೆಯ ಮೇಲೆ ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ಕುಟ್ಟತೊಡಗುತ್ತದೆ. ಕೆಳಗಿನಿಂದ ಮೇಲಕ್ಕೆ ಎಂದೂ ಇಲ್ಲ. ಇದನ್ನು ಕಂಡುಹಿಡಿದವಳು ನನ್ನ ಮಗಳು. "ಅಪ್ಪಾ, ಅಮ್ಮನ ಕೈ ಶುರುವಾಯ್ತು" ಎಂದು ಒಳಗೆ ಸುದ್ದಿ ಮುಟ್ಟಿಸಿ ಅವಳು ಜಾಗ ಖಾಲಿ ಮಾಡುತ್ತಾಳೆ.

ಮೊನ್ನೆ ಆಲ್ಕೊಳ ಸರ್ಕಲ್ಲಿನ ಔಷಧಿ ಅಂಗಡಿಯಲ್ಲಿ ಹೀಗೇ ಆಯಿತು. ನಾನು ಚೀಟಿ ಹಿಡಿದು ನಿಂತಿದ್ದೆ. ಹಿಂದಿನಿಂದ ಬಂದ ಮಹಾಶಯರೊಬ್ಬರು ನನ್ನ ಹೆಗಲ ಮೇಲಿಂದ ಕೈ ಚಾಚಿ ತಮ್ಮ ಚೀಟಿ ಕೊಟ್ಟರು. ತಿರುಗಿ ನೋಡಿದೆ. "ಓ, ನೀವು ಸುಮ್ನೆ ನಿಂತಿದೀರಿ ಅನ್ಕೊಂಡೆ ಮೇಡಂ" ಎಂದರು. ಸುಮ್ಮನೆ! ಔಷಧಿ ಅಂಗಡಿಯ ಮುಂದೆ ಯಾರಾದರೂ ಗಾಳಿ ಕುಡಿಯಲು ನಿಲ್ಲುತ್ತಾರೆಯೇ, ನೀವೇ ಹೇಳಿ. ಅವರಿಗೆ ಹೇಳಬೇಕಾದ್ದನ್ನು ಅಲ್ಲೇ ಹೇಳಿದೆ, ಅದನ್ನು ಇಲ್ಲಿ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ. ಆದರೂ ಮನೆ ಮುಟ್ಟುವವರೆಗೆ ಕೈ ನಿಲ್ಲಲಿಲ್ಲ. ಬಂದವಳೇ ಬೀರುವಿನ ಪಕ್ಕ ಹಳೇ ಸೀರೆ ಹೊದ್ದು ನಿಂತಿರುವ ನನ್ನ ಬೇಸ್ ಗಿಟಾರಿನ ಮುಖ ನೋಡಿದೆ. ಈ ಕೈಗೆ ಈ ಚಾಳಿ ಕಲಿಸಿದ್ದು ಅದೇ.

ಬೇಸ್ ಗಿಟಾರ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಎಲ್ಲರ ಹಾಗೆ, ಇನ್ನೆರಡು ತಂತಿ ಎಲ್ಲಿ ಹೋದವು ಎಂದು ಕೇಳುತ್ತೀರಿ, ನನ್ನ ಕೈ ಮತ್ತೆ ಶುರುವಾಗುತ್ತದೆ. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಕಿತ್ತುಹೋಗಿ ನಾಲ್ಕಲ್ಲ, ಹುಟ್ಟಾ ನಾಲ್ಕು. ಒಂದೊಂದೂ ಬಟ್ಟೆ ಒಣಹಾಕುವ ತಂತಿಯಷ್ಟು ದಪ್ಪ. ಮೀಟಿದರೆ ಟಿಣ್ ಎನ್ನುವುದಿಲ್ಲ, ಗುಮ್ ಎನ್ನುತ್ತದೆ. ಹೆಸರು ಕೇಳಿದ ನಮ್ಮ ಬೀದಿಯವರೆಲ್ಲ ಅದನ್ನು 'ಬೇಸಿಕ್' ಗಿಟಾರ್ ಎಂದೇ ತಿಳಿದಿದ್ದರು. ಇದರಲ್ಲಿ ಕೈ ಕುದುರಿದ ಮೇಲೆ ಆರು ತಂತಿಗೆ ಬಡ್ತಿ ಸಿಗುತ್ತದಂತೆ! ಅಪ್ಪಾಜಿಯ ತಾಯಿ, ನಮ್ಮಜ್ಜಿ ಒಬ್ಬಳೇ ಬೇರೆ ಮಾತಾಡಿದವಳು. ತತ್ವಪದದವರು ಏಕತಾರಿಯಲ್ಲಿ ಒಂದೇ ತಂತಿ ಇಟ್ಟುಕೊಂಡು ಬೆಳಗಿನ ಜಾವದವರೆಗೆ ಹಾಡುತ್ತಾರೆ, ನಿನಗೆ ನಾಲ್ಕಿವೆಯಲ್ಲ, ಸಾಲದೇ ಎಂದಿದ್ದಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಶಿವಮೊಗ್ಗದ ಗೋಪಾಳದಲ್ಲಿದ್ದೆವು, ನಾನು ಡಿಗ್ರಿ ಓದುತ್ತಿದ್ದೆ. ಅಪ್ಪಾಜಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ. ಬೇಡ ಎನ್ನುವುದನ್ನೂ "ನೋಡೋಣಮ್ಮ" ಎಂದೇ ಹೇಳುವವರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ಇಂಥವರ ಮಕ್ಕಳಿಗೇ ಗೊತ್ತು. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ. ಹತ್ತಿಯ ಮೂಟೆಗೆ ಗುದ್ದಿ ಏನು ಮಾಡುತ್ತೀರಿ?

ನನ್ನ ಕ್ಲಾಸಿನ ಮಣಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಮೂರೂ. ಅವನು ಎಲ್ಲಿಂದಲೋ ಕಾಪಿ ಮಾಡಿಸಿಕೊಂಡ ಒಂದು ಕ್ಯಾಸೆಟ್ ತಂದುಕೊಟ್ಟ. ಇದಕ್ಕೆ ಪಂಕ್ ಎನ್ನುತ್ತಾರೆ ಎಂದ. ಎರಡು ನಿಮಿಷದ ಹಾಡು, ಬಾಗಿಲು ಒದ್ದು ಒಳಗೆ ಬಂದು, ಬೈಯುವಷ್ಟು ಬೈದು, ಬಾಗಿಲು ಹಾಕದೇ ಹೋಗಿಬಿಡುತ್ತದೆ. ರಾಗ ಇಲ್ಲ, ಆಲಾಪ ಇಲ್ಲ, ಸಮಾಧಾನ ಮೊದಲೇ ಇಲ್ಲ. ಕೇಳಿದ ತಕ್ಷಣ ನನಗೆ, ಅರೆ, ಇದು ನನ್ನ ತಲೆಯೊಳಗಿನ ಸದ್ದಲ್ಲವೇ ಎನ್ನಿಸಿತು. ದುಪಟ್ಟ ಸರಿ ಮಾಡಿಕೋ, ಜೋರಾಗಿ ನಗಬೇಡ, ಮೊದಲು ಅವರದು ಊಟ ಆಗಲಿ ಎಂದೆಲ್ಲ ಕೇಳಿಸಿಕೊಂಡು ಇಪ್ಪತ್ತು ವರ್ಷ ಹಲ್ಲು ಕಚ್ಚಿದವಳಿಗೆ ಇಂಥದ್ದೊಂದು ಸಂಗೀತ ಇದೆಯೆಂದು ಯಾರೂ ಹೇಳಿರಲಿಲ್ಲ. ಅಪ್ಪಾಜಿಗೆ ಹೆಸರು ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಪಂಕ ಅಂದ್ರೆ ಕೆಸರು ಕಣಮ್ಮ. ಪಂಕದಲ್ಲಿ ಹುಟ್ಟಿದ್ದು ಪಂಕಜ. ಇದೇನು, ಕೆಸರಿನ ಸಂಗೀತವಾ?"

ಅವರಿಗೆ ಅವರದೇ ಮಾತಿಗೆ ನಗು ಬಂತು. ನಾನೂ ನಕ್ಕೆ. ಆ ಮಾತು ಮುಂದೆ ನನ್ನ ಕೊರಳಿಗೇ ಬೀಳುತ್ತದೆಂದು ಆಗ ಗೊತ್ತಿರಲಿಲ್ಲ.

ಒಂದು ತಂಡ ಮಾಡೋಣ ಎಂದಾಯಿತು. ಮಣಿ ಗಿಟಾರ್, ಹಾಡುವವನೂ ಅವನೇ. ಭದ್ರಾವತಿಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಅಯಾಜ್ ಡ್ರಮ್ಮು. ಉಳಿದದ್ದು ಬೇಸ್. ಮಣಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಶೈಲ, ನೀನು ಬೇಸ್ ತಗೋ. ನಾಲ್ಕೇ ತಂತಿ, ಈಜಿ. ಹಿಂದ್ಗಡೆ ನಿಂತ್ರೆ ಸಾಕು." ಅವನಿಗೆ ಹೊಡೆಯಲು ನನ್ನ ಹತ್ತಿರ ಆಗ ಗಿಟಾರ್ ಇರಲಿಲ್ಲ, ಬಚಾವಾದ.

ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ನಮ್ಮನೆ ಅಕ್ಕಿ ಡ್ರಮ್ಮು. ನಮ್ಮ ಟೇಪ್ ರೆಕಾರ್ಡರಿನ ಸಣ್ಣ ಸ್ಪೀಕರಿನಲ್ಲಿ ಬೇಸ್ ಕೇಳಿಸುತ್ತಲೇ ಇರಲಿಲ್ಲ, ಎಲ್ಲಾ ಜೀರುಂಡೆ ಸದ್ದು. ಒಂದು ದಿನ ಅದನ್ನು ಖಾಲಿಯಾದ ಅಕ್ಕಿ ಡ್ರಮ್ಮಿನೊಳಗೆ ಇಳಿಬಿಟ್ಟು, ತಗಡಿಗೆ ಕಿವಿ ಹಚ್ಚಿ ಕೂತೆ. ಅಬ್ಬಾ! ಕಿರುಚುವವನು ಯಾರೋ ಇರಲಿ, ಇಡೀ ಹಾಡನ್ನು ಹೊತ್ತು ಓಡುತ್ತಿದ್ದದ್ದು ಅಡಿಯಲ್ಲಿದ್ದ ಆ ಗುಮ್ ಗುಮ್ ಗುಮ್. ಅದು ನಿಂತರೆ ಹಾಡು ಕುಸಿದು ಬೀಳುತ್ತಿತ್ತು. ಹಿಂದ್ಗಡೆ ನಿಂತ್ರೆ ಸಾಕಂತೆ! ಅಕ್ಕಿಗೆ ಯಾಕೆ ಹಾಡು ಕೇಳಿಸ್ತಿದೀಯ ಎಂದು ಅಜ್ಜಿ ಕೇಳಿದಳು. ಅವಳಿಗೂ ಕಿವಿ ಹಚ್ಚಿಸಿದೆ. ಸ್ವಲ್ಪ ಹೊತ್ತು ಕೇಳಿ, ಯಾರೋ ಒಳಗೆ ಒನಕೆ ಹಿಡಿದು ಕುಟ್ಟುತ್ತಿದ್ದಾರೆ ಎಂದಳು. ಇವತ್ತಿನವರೆಗೆ ಬೇಸ್ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.

ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ನನ್ನ ಸ್ವಂತ ದುಡ್ಡು ಹಿಡಿದು ಗಾಂಧಿ ಬಜಾರಿಗೆ ಹೋದೆ. ಸ್ವಂತ ದುಡ್ಡು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಹಾರ್ಮೋನಿಯಂ, ತಬಲಾ ಮಾರುವ ಅಂಗಡಿ. ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಣ್ಣದೊಂದು ಬೇಸ್ ಇಳಿಸಿದರು. ಹಗುರ, ತೆಳ್ಳಗೆ, ಕುಂಕುಮದ ಬಣ್ಣ. "ಲೇಡೀಸ್ ಮಾಡೆಲ್ಲು" ಎಂದರು. ಸೈಕಲ್ಲಿನಲ್ಲಿ ಲೇಡೀಸ್ ಕೇಳಿದ್ದೆ, ವಾಚಿನಲ್ಲಿ ಕೇಳಿದ್ದೆ. ಗಿಟಾರಿನಲ್ಲಿ ಲೇಡೀಸ್ ಎನ್ನುವುದು ಅವರು ಆ ಕ್ಷಣ ಕಟ್ಟಿದ ಪುರಾಣ. ಅದರ ಸದ್ದೂ ಹಾಗೇ, ತೊಟ್ಟಿಲು ತೂಗುವ ಹಾಗೆ ದುಂಡಗೆ, ಮೆತ್ತಗೆ. ಮೂಲೆಯಲ್ಲಿ ಇನ್ನೊಂದಿತ್ತು. ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದ್ದಂತೆ. ಕಪ್ಪು, ಉದ್ದ ಕುತ್ತಿಗೆ, ಒನಕೆಯ ಭಾರ. ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ತಂತಿ ಎಳೆದೆ. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಒರಟು ಸದ್ದು ಬಂತು. ಗಂಡಸರಿಗೇ ಭಾರ ಎಂದು ಅಂಗಡಿಯವರು ಹೇಳಿದ್ದೇ ತಡ, ಇದನ್ನೇ ಕೊಡಿ ಎಂದೆ. ಆಯ್ಕೆಗೆ ಸಂಗೀತಶಾಸ್ತ್ರದ ಆಧಾರ ಕೇಳಬೇಡಿ, ಹಟ ಒಂದೇ ಆಧಾರ. ಆದರೆ ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ: ಪಂಕ್ ನುಡಿಸಲು ಚೆಂದದ ಸದ್ದಿನ ಬೇಸ್ ತೊಗೊಳ್ಳಬೇಡಿ, ಜಗಳಕ್ಕೆ ಬರುವಂಥದ್ದನ್ನು ತೊಗೊಳ್ಳಿ.

ನುಡಿಸುವ ರೀತಿಯಲ್ಲೂ ಜಗಳವೇ. ಪಟ್ಟಿಯನ್ನು ಸಡಿಲ ಬಿಟ್ಟು ಮೊಣಕಾಲಿನ ಹತ್ತಿರ ತೂಗಿಸಿಕೋ, ಫೋಟೋದಲ್ಲಿ ಎಲ್ಲರೂ ಹಾಗೇ ಇದ್ದಾರೆ ಎಂದು ಮಣಿ ಹಟ ಹಿಡಿದ. ಫೋಟೋದಲ್ಲಿದ್ದವರು ಆರಡಿ ಗಂಡಸರು. ನನ್ನ ಕೈ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ, ಮುಟ್ಟಿದರೆ ದುಪಟ್ಟ ತಂತಿ ಬಿಗಿಯುವ ಬಿರಡೆಗೆ ಸುತ್ತಿಕೊಂಡು ಕುತ್ತಿಗೆ ಎಳೆಯುತ್ತಿತ್ತು. ನಾನು ದುಪಟ್ಟವನ್ನು ಸೊಂಟಕ್ಕೆ ಬಿಗಿದು, ಬೇಸನ್ನು ಹೊಟ್ಟೆಗೆ ಏರಿಸಿ ಕಟ್ಟಿಕೊಂಡೆ. ಆರ್ಕೆಸ್ಟ್ರಾದವರು ಬೇಸ್ ತಂತಿಯನ್ನು ಬೆರಳಿನಲ್ಲಿ ಸವರುತ್ತಾರೆ. ಅದು ನನಗೆ ಆಗಲಿಲ್ಲ. ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆ ಬೇಕು, ಕ್ಯಾಸೆಟ್ ಡಬ್ಬಿ ಕತ್ತರಿಸಿ ಮಾಡಿಕೊಂಡರೆ ಆ ದಪ್ಪ ತಂತಿಗೆ ಚೂರುಚೂರು. ಕೊನೆಗೆ ಸಿಕ್ಕಿದ್ದು ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ. ಬೆಟ್ಟೆ ಅಡಿಕೆ! ಎರಡು ಹೋಳು ಮಾಡಿ ಬೇಯಿಸಿ ಒಣಗಿಸಿದ್ದು, ಒಂದು ಕಡೆ ಚಪ್ಪಟೆ, ಕಲ್ಲಿನಂಥ ಗಟ್ಟಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಿದ್ದೆ. ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಕೈಗೆ ಸುಲಭ, ಆದರೆ ಸದ್ದಿನಲ್ಲಿ ಸಿಟ್ಟು ಅರ್ಧ ಸೋರಿಹೋಗುತ್ತದೆ. ಒಗೆಯುವ ಕಲ್ಲಿನ ಮೇಲೆ ಬೆಡ್‌ಶೀಟ್ ಬಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಭ್ಯಾಸ ಭದ್ರಾವತಿಯಲ್ಲಿ, ಮಣಿಯ ಮನೆ ಹಿತ್ತಲಿನ ಶೀಟಿನ ಕೆಳಗೆ. ಬೇಸನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಶ್ರುತಿ ಮಾಡಿಕೊಳ್ಳಲು ನಮ್ಮ ಹತ್ತಿರ ಏನೂ ಇರಲಿಲ್ಲ, ಕಾರ್ಖಾನೆಯ ಸೈರನ್ ಇತ್ತು. ಶಿಫ್ಟ್ ಬದಲಾಗುವಾಗ ಅದು ಕೆಳಗಿನಿಂದ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತಿತ್ತು. ನಿಂತ ಕಡೆಗೆ ಮಣಿಯೂ ನಾನೂ ಗಡಿಬಿಡಿಯಲ್ಲಿ ತಂತಿ ಬಿಗಿಯುತ್ತಿದ್ದೆವು. ಬಸ್ಸು ತಡವಾಗಿ ಸೈರನ್ ತಪ್ಪಿಹೋದರೆ ಅವತ್ತು ಇಡೀ ದಿನ ಅಪಶ್ರುತಿ. ಪಂಕ್ ಆದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎನ್ನಿ.

ಆ ವರ್ಷ ಕ್ವಾರ್ಟರ್ಸಿನ ಗಣಪತಿ ಪೆಂಡಾಲಿನಲ್ಲಿ ನಮಗೊಂದು ಅವಕಾಶ ಸಿಕ್ಕಿತು. ಮಣಿ ಚೀಟಿಯಲ್ಲಿ 'ಪಂಕ್ ಪಾರ್ಟಿ, ಭದ್ರಾವತಿ' ಎಂದು ಬರೆದುಕೊಟ್ಟಿದ್ದ. ಸಮಿತಿಯ ಕಾರ್ಯದರ್ಶಿಗಳಿಗೆ ಪಂಕ್ ಎನ್ನುವ ಶಬ್ದವೇ ಇಲ್ಲವಲ್ಲ, ಹುಡುಗರು ಅವಸರದಲ್ಲಿ ಕೊನೆಯ ಅಕ್ಷರ ಬಿಟ್ಟಿದ್ದಾರೆ ಎನ್ನಿಸಿದೆ. ತಂಡದಲ್ಲಿ ಒಂದು ಹುಡುಗಿ ಇದ್ದಾಳೆಂದು ಯಾರೋ ಹೇಳಿದ್ದು ನೆನಪಾಗಿದೆ. ಎರಡೂ ಸೇರಿಸಿ ಬಟ್ಟೆಯ ಬ್ಯಾನರಿನ ಮೇಲೆ ಹೀಗೆ ಬರೆಸಿದ್ದರು: 'ಕು. ಪಂಕಜ ಮತ್ತು ಪಾರ್ಟಿ, ಇವರಿಂದ ಭಕ್ತಿಗೀತೆಗಳು.' ಎರಡೂ ಕೊನೆಗೆ ಒಂದೊಂದು ತಾವರೆ ಬೇರೆ.

ನಾವು ಸ್ಟೇಜ್ ಹತ್ತಿದರೆ ಮುಂದಿನ ಸಾಲಿನಲ್ಲಿ ಹೆಂಗಸರು ಚಪ್ಪಾಳೆ ತಟ್ಟಲು ಕೈ ಜೋಡಿಸಿಕೊಂಡು ಕೂತಿದ್ದಾರೆ. ಕಾರ್ಯದರ್ಶಿಗಳು ಮೈಕನ್ನು ನೇರ ನನ್ನ ಬಾಯಿಗೆ ಹಿಡಿದರು. ಮೈಕ್‌ಸೆಟ್ಟು ಆಲ್ಕೊಳದ ಶಂಕ್ರಣ್ಣನದು. ಆರ್ಕೆಸ್ಟ್ರಾವೂ ನಡೆಸುತ್ತಿದ್ದ ಈ ಶಂಕ್ರಣ್ಣ ಅಪ್ಪಾಜಿಗೆ ಪರಿಚಯದವನು. ಅವನು ಬಂದು ನನ್ನ ಬೇಸಿನ ವೈರು ಕಿತ್ತ. ಹಾಡುವವಳಿಗೆ ಈ ಹಲಗೆ ಯಾಕೆ, ಇಳಿಸಿ ಇಡು ತಂಗಿ ಎಂದ. ಮೈಕಿನಲ್ಲಿ ಹೇಳಿದೆ, ನಾನು ಪಂಕಜ ಅಲ್ಲ, ನಾನು ಹಾಡುವುದಿಲ್ಲ, ನಾನು ಬೇಸ್ ಎಂದು. ಇಡೀ ಪೆಂಡಾಲು ನಕ್ಕಿತು. ಅವರು ನಕ್ಕದ್ದೇ ನಕ್ಕದ್ದು, ವೈರನ್ನು ನಾನೇ ಚುಚ್ಚಿಕೊಂಡೆ, ಅಯಾಜನ ಕಡೆ ತಿರುಗಿ ತಲೆ ಆಡಿಸಿದೆ. ಹೊಡೆದೆವು ನೋಡಿ! ಅರ್ಧ ಹಾಡಿಗೆ ಶಂಕ್ರಣ್ಣನ ದೊಡ್ಡ ಬಾಕ್ಸಿನ ಸ್ಪೀಕರು ಪರ್ ಎಂದು ಹರಿಯಿತು. ಹರಿದ ಸ್ಪೀಕರಿನಲ್ಲಿ ಬೇಸ್ ಸದ್ದು ಎಷ್ಟು ಚೆನ್ನಾಗಿತ್ತೆಂದರೆ, ಅದೇ ನಾನು ಹುಡುಕುತ್ತಿದ್ದ ಸದ್ದು. ಮಕ್ಕಳೆಲ್ಲ ಕುಣಿಯುತ್ತಿದ್ದವು. ಅಷ್ಟರಲ್ಲಿ ಕಾರ್ಯದರ್ಶಿಗಳು ಕರೆಂಟು ತೆಗೆಸಿದರು.

ಅವತ್ತಿನಿಂದ ನನ್ನ ಹೆಸರು ಹೋಯಿತು. ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಪಂಕಜಕ್ಕ. ಅಯಾಜನ ಗ್ಯಾರೇಜಿನಲ್ಲಿ ಪಂಕಜ ಮೇಡಂ. ಸುದ್ದಿಗೆ ಕಾಲಿಲ್ಲದಿದ್ದರೂ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿದೆ. ಅಪ್ಪಾಜಿಯ ಸ್ಟಾಫ್ ರೂಮಿನಲ್ಲಿ, ನಿಮ್ಮ ಪಂಕಜನ ಮುಂದಿನ ಕಛೇರಿ ಯಾವಾಗ ಮೇಷ್ಟ್ರೇ ಎಂದು ಕೇಳಿದರಂತೆ. ಅಪ್ಪಾಜಿ ಮನೆಗೆ ಬಂದು ಬೈಯಲಿಲ್ಲ. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು.

ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದ ದಿನ ನನ್ನ ಕೋಣೆಯ ಮೂಲೆಯಲ್ಲಿ ಬೇಸ್ ಇರಲಿಲ್ಲ. ಅಲ್ಲಿ ಪ್ಲಾಸ್ಟಿಕ್ ಹೂವಿನ ಒಂದು ಕುಂಡ ಇತ್ತು. ಆಯನೂರು ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ, ಶಂಕ್ರಣ್ಣನಿಗೆ ಕೊಟ್ಟೆನಮ್ಮ, ಅವನ ಸ್ಪೀಕರು ಬೇರೆ ಹಾಳಾಗಿತ್ತಲ್ಲ, ಇನ್ನು ನಿನಗ್ಯಾಕೆ ಅದು ಎಂದರು. ಇಷ್ಟೇ. ತರಕಾರಿಯವನಿಗೆ ಹಳೇ ಚೀಲ ಕೊಟ್ಟ ಹಾಗೆ. ನಾನು ಕಿರುಚಾಡಿದೆ, ಎರಡು ದಿನ ಊಟ ಬಿಟ್ಟೆ. ಅಮ್ಮ ಅತ್ತಳು. ಅಪ್ಪಾಜಿ "ನೋಡೋಣಮ್ಮ" ಎಂದರು. ಇಷ್ಟು ವರ್ಷವಾಯಿತು, ಮೊಮ್ಮಗಳನ್ನು ಆಡಿಸಿದ ಅಪ್ಪಾಜಿ ಈಗ ಇಲ್ಲ. ಅವರನ್ನು ನೆನೆದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಹೂಕುಂಡ ನೆನಪಾದರೆ ಮಾತ್ರ ಈಗಲೂ ಮೈ ಉರಿಯುತ್ತದೆ. ಎರಡೂ ನಿಜ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಲಾರೆ.

ಮದುವೆ ಆಯಿತು. ಹುಡುಗ ಒಳ್ಳೆಯವನೇ, ಅದರ ಬಗ್ಗೆ ತಕರಾರಿಲ್ಲ. ಬೆಳಿಗ್ಗೆ ಮುಹೂರ್ತ, ಸಂಜೆ ಅದೇ ಛತ್ರದಲ್ಲಿ ಆರತಕ್ಷತೆ. ಗಂಡಿನ ಕಡೆಯವರು ಆರ್ಕೆಸ್ಟ್ರಾ ಹೇಳಿದ್ದರು. ಯಾರ ಆರ್ಕೆಸ್ಟ್ರಾ ಎಂದು ನಾನು ಕೇಳಿರಲಿಲ್ಲ. ಎರಡೂ ಕೈತುಂಬ ಹಸಿರು ಗಾಜಿನ ಬಳೆ, ಮೈಮೇಲೆ ಹೊರಲಾರದಷ್ಟು ಜರಿ. ಬಂದವರಿಗೆಲ್ಲ ಕೈ ಮುಗಿಯುತ್ತಾ, ಫೋಟೋದವರು ಹೇಳಿದ ಕಡೆ ಕತ್ತು ತಿರುಗಿಸುತ್ತಾ ನಿಂತಿದ್ದೆ. ಎದುರುಗಡೆ ಇನ್ನೊಂದು ಸ್ಟೇಜು. ಹಾಡುವವಳ ಪಕ್ಕದಲ್ಲಿ ತಂಪು ಕನ್ನಡಕ ಹಾಕಿದ ಒಬ್ಬ ಯುವಕ ಗಿಟಾರ್ ಹಿಡಿದು ಸೊಂಟ ಆಡಿಸುತ್ತಿದ್ದ. ಕಪ್ಪು ಬಣ್ಣ, ಉದ್ದ ಕುತ್ತಿಗೆ. ನನ್ನ ಬೇಸ್.

ಫೋಟೋದವರು "ಮೇಡಂ, ಸ್ಮೈಲ್" ಎಂದರು. ನಾನು ಕೆಳಗಿಳಿದೆ. ಮದುಮಗಳು ಅವಸರಕ್ಕೆ ಹೊರಟಿದ್ದಾಳೆಂದು ತಿಳಿದು ಎಲ್ಲರೂ ದಾರಿ ಬಿಟ್ಟರು. ಹತ್ತಿರ ಹೋದರೆ ಅದಕ್ಕೆ ಎರಡೇ ತಂತಿ ಉಳಿದಿವೆ, ದಪ್ಪನೆಯ ಎರಡು. ವೈರೇ ಇಲ್ಲ. ಬೇಸಿನ ಕೆಲಸವನ್ನು ಕೀಬೋರ್ಡಿನವನ ಎಡಗೈ ಮಾಡುತ್ತಿದೆ. ಇದನ್ನು ಇಲ್ಲಿ ಕೊಡು ಎಂದೆ. ಆ ಹುಡುಗನಿಗೆ ನನ್ನ ಪರಿಚಯವಿಲ್ಲ. ಪಾಪ, ಮರ್ಯಾದೆಯಿಂದಲೇ ಹೇಳಿದ.

"ಇದು ಬಾರ್ಸಕ್ಕಲ್ಲ ಅಕ್ಕ. ಇದಕ್ಕೆ ಪಂಕಜ ಅಂತೀವಿ. ಪಂಕಜ ಸುಮ್ನೆ ನಿಲ್ಲಕ್ಕೆ, ಶೋಗೆ."

ಅವನಿಗೇನು ಗೊತ್ತು. ಸಂಜೆಯಿಂದ ಎದುರು ಸ್ಟೇಜಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ.

ಬೇಸನ್ನು ಅವನ ಕೊರಳಿನಿಂದ ಬಿಡಿಸಿಕೊಂಡೆ. ಶಂಕ್ರಣ್ಣ ಓಡಿ ಬಂದ, ಹಿಂದೆಯೇ ಅಪ್ಪಾಜಿ ಬಂದರು. ಹಾಡು ನಿಂತಿತ್ತು. ಅಪ್ಪಾಜಿ ನನಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ ಹೇಳಿದರು: "ಬಿಡಮ್ಮ. ಒಂದ್ಸಲ ಕೊಟ್ಟದ್ದನ್ನ ವಾಪಸ್ ಕೇಳಬಾರ್ದು."

ನಾನು ಇಡೀ ಛತ್ರಕ್ಕೆ ಕೇಳಿಸುವ ಹಾಗೆ ಹೇಳಿದೆ: "ನನ್ನನ್ನ ಕೊಟ್ರಿ ಅಪ್ಪಾಜಿ, ನಾನು ಒಪ್ಕೊಂಡೆ. ಇದನ್ನ ಕೊಡಕ್ಕೆ ಇದು ನಿಮ್ಮದಾಗಿರ್ಲಿಲ್ಲ."

ಅಪ್ಪಾಜಿ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಪಕ್ಕದಲ್ಲಿದ್ದ ಆರು ತಂತಿ ಗಿಟಾರಿನವನ ವೈರು ಕಿತ್ತು ನಾನು ಬೇಸಿಗೆ ಚುಚ್ಚಿದೆ. ಮೀಟಲು ಬಿಲ್ಲೆ? ಅಜ್ಜಿ ಪಕ್ಕದಲ್ಲೇ ತಾಂಬೂಲದ ತಟ್ಟೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನಾನು ಕೈ ಚಾಚುವ ಮೊದಲೇ ಒಂದು ಹೋಳು ಬೆಟ್ಟೆ ಅಡಿಕೆ ಆರಿಸಿ ಎತ್ತಿ ಹಿಡಿದಳು. ಯಾವುದು ಗಟ್ಟಿ ಎಂದು ಅವಳಿಗೆ ಗೊತ್ತಿತ್ತು.

ಶ್ರುತಿ ಇರಲಿಲ್ಲ, ಸೈರನ್ ಇರಲಿಲ್ಲ, ಮಣಿಯೂ ಅಯಾಜನೂ ಊಟದ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದರು. ಮೇಲಿಂದ ಕೆಳಕ್ಕೆ ಒಂದು ಹೊಡೆದೆ. ಗುಮ್ ಎಂದ ಸದ್ದು ಛತ್ರದ ಗೋಡೆಗೆ ಹೋಗಿ ಬಡಿಯಿತು. ಇನ್ನೊಂದು ಹೊಡೆದೆ. ಬಲಗೈಯ ಬಳೆಗಳು ಬೇಸಿನ ಅಂಚಿಗೆ ತಾಗಿ ಚಟಚಟ ಸಿಡಿದವು. ಹಸಿರು ಚೂರುಗಳು ಜರಿಯ ಮೇಲೆ, ನೆಲದ ಮೇಲೆ ಚೆಲ್ಲಿದವು. ತಾಳಿ ಕಟ್ಟಿಸಿಕೊಂಡು ಇನ್ನೂ ಸೂರ್ಯ ಮುಳುಗಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡಿನ ಕಡೆಯ ಅತ್ತೆಯೊಬ್ಬರು, ಅಯ್ಯೋ ಶಿವನೇ, ಮದುಮಗಳ ಬಳೆ ಒಡೆದ್ವಲ್ಲ ಎಂದರು. ನನ್ನ ಗಂಡ ಅಲ್ಲಿ, ಸ್ಟೇಜಿನ ಮೇಲೆ, ಒಬ್ಬನೇ ಸುಮ್ಮನೆ ನಿಂತಿದ್ದ.

ಅಜ್ಜಿ ಕೋಲೂರಿ ಎದ್ದಳು. ನೆಲದ ಮೇಲಿನ ಒಂದು ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ಮುತ್ತೈದೆ ಬಳೆ ಒಡೆದ್ವು ಅನ್ಬಾರ್ದು ಕಣೇ ತಾಯಿ. ಹೆಚ್ಚಿದ್ವು ಅನ್ಬೇಕು."

ಎಡಗೈಯಲ್ಲಿ ಬೇಸಿನ ಕುತ್ತಿಗೆ ಹಿಡಿದಿದ್ದೆ. ಬಲಗೈ ನೋಡಿಕೊಂಡೆ, ಮಣಿಕಟ್ಟಿನ ಹತ್ತಿರ ಇನ್ನೂ ಒಂದಷ್ಟು ಬಳೆ ಉಳಿದಿದ್ದವು. ಅವನ್ನೂ ಹೆಚ್ಚಿಸಿದೆ.